ಎರಡನೆಯ ಸ್ಥಾನದ ಹಿರಿಮೆ

ಮುಂಬಯಿಯಿಂದ ಆಗ್ರಾಕ್ಕೆ ಹೋಗುವ ಹೆದ್ದಾರಿಯಲ್ಲಿ ನಾಸಿಕವನ್ನು ದಾಟಿ ಮುಂದೆ ಸಾಗಿದರೆ, ಬೆಟ್ಟಗಳ ಸಾಲೊಂದರ ಬುಡದಲ್ಲಿ ಚಾಂದವಡವೆಂಬ ಊರು ಸಿಗುತ್ತದೆ. ಹೋಳ್ಕರರ ರಂಗಮಹಲು, ಗುಡ್ಡದ ಮಗ್ಗುಲಲ್ಲಿ ನೆಲೆಸಿದ ರೇಣುಕಾದೇವಿ, ಈರುಳ್ಳಿಯ ಪೇಟೆ — ಇವು ಆ ಊರಿನ ಹೆಸರನ್ನು ಉಳಿಸಿಕೊಂಡು ಬಂದಿವೆ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ನಮ್ಮ ಉತ್ತರ ಕರ್ನಾಟಕದ ಬಂಧುಗಳಿಗೆ ಅಲ್ಲಿಯ ರೇಣುಕೆ ಪರದೇವತೆಯೇನೂ ಅಲ್ಲ. ಕೆಲವು ತಿಂಗಳ ಹಿಂದೆ ಕಾರ್ಯನಿಮಿತ್ತ ಆ ದಾರಿಯಲ್ಲಿ ಹೋಗಬೇಕಾಗಿ ಬಂದಾಗ ಹೆದ್ದಾರಿಯ ಬದಿಯ ಒಂದು ಹೊಟೇಲಿನಲ್ಲಿ ಚಹಾಕ್ಕೆಂದು ಇಳಿದೆವು. ಗಲ್ಲೆಯ ಮೇಲೆ ಕುಳಿತವರು ಕುಂದಾಪುರದ ಕಡೆಯವರೆಂಬುದು ಅವರ ಮೊದಲ ಮಾತಿನಲ್ಲಿಯೇ ತಿಳಿಯಿತು. ನಾವು ಪತ್ರಿಕೆಯವರೆಂದು ತಿಳಿದ ಮೇಲೆ ಅವರು ಚಹಾದ ದುಡ್ಡು ತೆಗೆದುಕೊಳ್ಳಲೊಪ್ಪಲಿಲ್ಲ; ಅದಕ್ಕೆ ಬದಲಾಗಿ ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟರು.

ಪ್ರತಿ ಫೆಬ್ರವರಿಯಲ್ಲಿ ನಾಸಿಕ ರೋಡಿನ ಬಾಲಯೇಸುವಿನ ಜಾತ್ರೆಗೆ ಮಾಲೇಗಾಂವ್, ಧುಳೆಗಳ ಕಡೆಯಿಂದ ಹೋಗುವ ಕ್ರೈಸ್ತ ಯಾತ್ರಿಕರು ಅವರ ಹೊಟೇಲಿನಲ್ಲಿ ಇಳಿಯುವುದುಂಟಂತೆ. ನಾಸಿಕದ ಈಗಿನ ಬಿಷಪರು ಮೊದಲು ಮುಂಬಯಿಯಲ್ಲಿ ಸಹಾಯಕ ಬಿಷಪರಾಗಿದ್ದರೆಂದು ಅವರಲ್ಲಿ ಯಾರೋ ಹೇಳಿದರಂತೆ. “ಅಲ್ಲ ಸ್ವಾಮೀ, ಬಿಷಪರಲ್ಲಿಯೂ ಅಸಿಸ್ಟೆಂಟರುಂಟೇ? ಅವರಿಗೆ ಎಂದಾದರೂ ದೊಡ್ಡ ಕುರ್ಚಿ ಸಿಕ್ಕಿಯೇ ಸಿಗುತ್ತದೆಯೇ, ಇಲ್ಲ ಹಾಗೆಯೇ ಮುದುಕರಾಗಿಬಿಡುತ್ತಾರೆಯೇ?” ಎಂದು ಅವರು ಕೇಳಿದರು.

ಈ ಮಾತನ್ನು ಅವರು ನಗುನಗುತ್ತಲೇ ಆಡಿದರು. ಆದರೆ ಹದಿನೇಳು ವರ್ಷಗಳಿಂದ ಆ ಹೊಟೇಲನ್ನು ನಡೆಸುತ್ತಿರುವವರು ಅವರು. ಫಲಕದ ಮೇಲಿರುವುದು ಮುಂಬಯಿಯಲ್ಲಿರುವ ಯಜಮಾನರ ಹೆಸರು. ಭಟ್ಟರನ್ನು ನೇಮಿಸುವುದಕ್ಕೂ, ಹೊಸ ಒಲೆಯೊಂದನ್ನು ಕೊಳ್ಳುವುದಕ್ಕೂ ಅವರು ಫೋನು ಮಾಡಿ ಅಪ್ಪಣೆ ಪಡೆಯಬೇಕು. ಆದುದರಿಂದ ಅವರು ಕೇಳಿದ್ದು ಬಿಷಪರ ವಿಷಯವನ್ನು ಮಾತ್ರವಲ್ಲವೆಂದು ನಮಗೆ ಆಗಲೇ ತೋರಿತು. ನಿಂತ ಕಾಲಿನಲ್ಲಿ ಕೊಡಬಹುದಾದ ಉತ್ತರ ಅದಲ್ಲ. ವಾಚಕರಲ್ಲಿ ಬಹುಮಂದಿ ಇದೇ ಎರಡನೆಯ ಸ್ಥಾನದಲ್ಲಿ ದುಡಿಯುವವರೇ ಆದುದರಿಂದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಒಂದು ಧರ್ಮಪ್ರಾಂತಕ್ಕೆ ಒಬ್ಬರೇ ಬಿಷಪರು. ಪ್ರಾಂತವು ದೊಡ್ಡದಾಗಿ ಒಬ್ಬರಿಂದ ನಿರ್ವಹಿಸಲಾಗದಿದ್ದರೆ ಅವರಿಗೆ ಸಹಾಯಕ ಬಿಷಪರನ್ನು ಕೊಡುವುದುಂಟು. ಇವರು ದೀಕ್ಷೆಯಲ್ಲಿ ಪೂರ್ಣ ಬಿಷಪರೇ. ಗುರುಗಳಿಗೆ ದೀಕ್ಷೆ ಕೊಡಬಲ್ಲರು, ದೃಢೀಕರಣ ಸಂಸ್ಕಾರವನ್ನು ನಡೆಸಬಲ್ಲರು. ಆದರೆ ಆಡಳಿತದ ಅಧಿಕಾರವು ಮುಖ್ಯ ಬಿಷಪರು ವಹಿಸಿಕೊಟ್ಟಷ್ಟು ಮಾತ್ರ. ಮುಖ್ಯರು ತೀರಿಕೊಂಡರೆ ಅಥವಾ ನಿವೃತ್ತರಾದರೆ ಪೀಠವು ಸಹಾಯಕರಿಗೇ ಬರಬೇಕೆಂಬ ನಿಯಮವಿಲ್ಲ. ಉತ್ತರಾಧಿಕಾರದ ಹಕ್ಕುಳ್ಳವರು ಬೇರೆ; ಅವರನ್ನು ಕೋಅಡ್ಜುಟರ್ ಬಿಷಪರೆನ್ನುತ್ತಾರೆ.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಪ್ರಾಂತವಿಲ್ಲದೆ ಬಿಷಪರಿರುವುದು ಸಂಪ್ರದಾಯಕ್ಕೆ ಒಗ್ಗದು. ಆದುದರಿಂದ ಸಹಾಯಕ ಬಿಷಪರಿಗೆ ಎಂದೋ ಅಳಿದುಹೋದ ಒಂದು ಪ್ರಾಚೀನ ಪಟ್ಟಣದ ಬಿರುದನ್ನು ಕೊಡುತ್ತಾರೆ. ಆ ಊರಿನಲ್ಲಿ ಅವರಿಗೆ ಇಗರ್ಜಿಯಿಲ್ಲ, ಭಕ್ತರಿಲ್ಲ, ಅನೇಕ ವೇಳೆ ಆ ಊರೇ ಇಲ್ಲ. ಅಂದರೆ ಹೆಸರು ಇರುವಲ್ಲಿ ಕೆಲಸವಿಲ್ಲ, ಕೆಲಸವಿರುವಲ್ಲಿ ಹೆಸರಿಲ್ಲ! ನಮ್ಮ ಗುಮಾಸ್ತ ಬಂಧುಗಳಿಗೆ ಈ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಎರಡನೆಯ ಸ್ಥಾನವು ಎಷ್ಟು ಭಾರವನ್ನು ಹೊರಬಲ್ಲದೆಂಬುದಕ್ಕೆ ಮುಂಬಯಿಯಲ್ಲಿಯೇ ನಡೆದುಹೋದ ಒಂದು ಉಜ್ವಲ ದೃಷ್ಟಾಂತವಿದೆ. ಅದು ವಲೇರಿಯನ್ ಗ್ರೇಸಿಯಸ್ ಅವರ ಜೀವನ. ಭಾರತದ ಮೊದಲ ಕಾರ್ಡಿನಲರೆಂದು ಅವರ ಹೆಸರನ್ನು ಕೇಳಿದವರು ಅನೇಕರು. ಅದಕ್ಕೆ ಮೊದಲು ನಾಲ್ಕು ವರ್ಷಗಳಿಗೂ ಮಿಕ್ಕಿ ಅವರು ಸಹಾಯಕರಾಗಿದ್ದರೆಂಬುದನ್ನು ನೆನೆಯುವವರು ಕಡಿಮೆ.

ಗ್ರೇಸಿಯಸರು ಹುಟ್ಟಿದ್ದು 1900ರ ಅಕ್ಟೋಬರ್ 23ರಂದು, ಕರಾಚಿಯಲ್ಲಿ. ಅವರ ಮನೆತನ ಗೋವೆಯದು. ನಮ್ಮಂತೆಯೇ ಊರು ಬಿಟ್ಟು ಪರಸ್ಥಳದಲ್ಲಿ ನೆಲೆ ಕಂಡುಕೊಂಡವರ ಮಗ ಅವರು. ಕರಾಚಿಯ ಸೇಂಟ್ ಪ್ಯಾಟ್ರಿಕ್ಸ್ ಶಾಲೆಯಲ್ಲಿ ಓದಿದ ಮೇಲೆ, ಗುರುವಾಗಬೇಕೆಂಬ ಹಂಬಲದಿಂದ ಅವರು ಬಂದುದು ನಮ್ಮ ಮಂಗಳೂರಿಗೆ. ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯಲ್ಲಿ ಅವರ ಗುರುಶಿಕ್ಷಣ ಮೊದಲಾಯಿತು. ಜೆಸುಯಿತರು 1879ರಲ್ಲಿ ಸ್ಥಾಪಿಸಿದ ಆ ಸೆಮಿನರಿಯು ಪಶ್ಚಿಮ ಕರಾವಳಿಗೆಲ್ಲ ಗುರುಗಳನ್ನು ಸಿದ್ಧಪಡಿಸಿಕೊಟ್ಟಿದೆ. ಅಲ್ಲಿಂದ ಸಿಂಹಳದ ಕ್ಯಾಂಡಿಯ ಪೇಪಲ್ ಸೆಮಿನರಿಗೆ ಹೋದರು. 1926ರ ಅಕ್ಟೋಬರ್ 3ರಂದು ಗುರುದೀಕ್ಷೆಯಾಯಿತು. ಆ ಬಳಿಕ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1929ರಲ್ಲಿ ಮುಂಬಯಿಗೆ ಹಿಂತಿರುಗಿದರು.

ಹಿಂತಿರುಗಿದವರಿಗೆ ದೊರೆತದ್ದು ಆರ್ಚ್‌ಬಿಷಪರ ಕಾರ್ಯದರ್ಶಿಯ ಕೆಲಸ. ಪ್ರಾಂತದ ಕಾಗದಪತ್ರಗಳ ಹೊಣೆ ಹೊತ್ತ ಚಾನ್ಸಲರ್ ಪದವಿ. ಟಪಾಲು, ದಾಖಲೆ, ಮೊಹರು — ಇವುಗಳ ನಡುವಿನ ಬದುಕು ಅದು. ಇತರರ ಹೆಸರಿನಲ್ಲಿ ಹೋಗುವ ಕಾಗದವನ್ನು ಬರೆಯುವವನ ಶ್ರಮವೇನೆಂಬುದನ್ನು ಅವರು ಪೀಠವೇರುವ ಎಷ್ಟೋ ವರ್ಷಗಳ ಮೊದಲೇ ಬಲ್ಲವರಾಗಿದ್ದರು. ಮುಂದೆ 1941ರಲ್ಲಿ ಕೊಲಾಬಾದ ಹೋಲಿ ನೇಮ್ ದೇವಾಲಯದ ಮೊದಲ ಭಾರತೀಯ ರೆಕ್ಟರರಾದರು.

ಇಲ್ಲಿ ಮುಂಬಯಿಯ ಪೀಠದ ಹಿಂದಿನ ತೊಡಕನ್ನು ಸ್ವಲ್ಪ ಹೇಳದೆ ಗತ್ಯಂತರವಿಲ್ಲ. ಪೋರ್ಚುಗಲ್ಲಿನ ಅರಸರಿಗೆ ತಮ್ಮ ಸಾಮ್ರಾಜ್ಯದ ಕಡೆಗಳಲ್ಲಿ ಬಿಷಪರನ್ನು ಸೂಚಿಸುವ ಹಕ್ಕು ಹಿಂದಿನಿಂದ ಬಂದಿತ್ತು. ಇದಕ್ಕೆ ಪದ್ರುವಾದು ಎಂದು ಹೆಸರು. 1661ರಲ್ಲಿ ಮುಂಬಯಿಯು ಬಳುವಳಿಯಾಗಿ ಇಂಗ್ಲೆಂಡಿಗೆ ಹೋದರೂ ಈ ಹಕ್ಕಿನ ವ್ಯಾಜ್ಯ ಮುಗಿಯಲಿಲ್ಲ. ಒಂದೇ ನಗರದಲ್ಲಿ ಕೆಲವು ಇಗರ್ಜಿಗಳು ಪೋರ್ಚುಗೀಸ್ ಹಕ್ಕಿಗೂ ಮತ್ತೆ ಕೆಲವು ನೇರವಾಗಿ ರೋಮಿಗೂ ಸೇರಿ, ನೆರೆಹೊರೆಯವರು ಎರಡು ಕಕ್ಷಿಗಳಾಗಿ ಬಹುಕಾಲ ಕಳೆದರು. 1928ರಲ್ಲಿ ರೋಮಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ ಎರಡೂ ಅಧಿಕಾರಗಳು ಒಂದಾದವು. ಆದರೆ ಆ ಒಪ್ಪಂದದ ಒಂದು ಷರತ್ತಿನಂತೆ ಮುಂಬಯಿಯ ಆರ್ಚ್‌ಬಿಷಪರು ಒಂದು ಸರದಿಗೆ ಪೋರ್ಚುಗೀಸರು, ಮರುಸರದಿಗೆ ಬ್ರಿಟಿಷರು ಆಗಬೇಕಾಯಿತು. ಪೀಠ ಭಾರತದ್ದು, ಭಕ್ತರು ಭಾರತೀಯರು. ಸರದಿಯಲ್ಲಿ ಮಾತ್ರ ಭಾರತೀಯನಿಗೆ ಸ್ಥಾನವಿಲ್ಲ.

ಆ ಷರತ್ತಿನಂತೆ ಪೋರ್ಚುಗೀಸರಾದ ಜೋವಾಕಿಂ ಲಿಮಾ ಅವರ ಬಳಿಕ, 1937ರಲ್ಲಿ, ಥಾಮಸ್ ರಾಬರ್ಟ್ಸ್ ಎಂಬ ಇಂಗ್ಲಿಷ್ ಜೆಸುಯಿತರು ಆರ್ಚ್‌ಬಿಷಪರಾದರು. ಈ ರಾಬರ್ಟ್ಸರು ಸಾಮಾನ್ಯರಲ್ಲ. ತಮ್ಮ ನಂತರ ಈ ಪೀಠಕ್ಕೆ ಬರತಕ್ಕವರು ಈ ನೆಲದವರೇ ಆಗಬೇಕೆಂದು ಅವರು ನಿಶ್ಚಯಿಸಿದರು. ಅವರು ಸುಮ್ಮನೆ ರಾಜೀನಾಮೆಯಿತ್ತು ಹೋಗಿದ್ದರೆ ಷರತ್ತಿನಂತೆ ಮುಂದಿನ ಸರದಿ ಪೋರ್ಚುಗೀಸರದಾಗುತ್ತಿತ್ತು. ಆದುದರಿಂದ ಅವರು ಬೇರೊಂದು ದಾರಿಯನ್ನು ಹಿಡಿದರು. ತಮಗೊಬ್ಬ ಭಾರತೀಯ ಸಹಾಯಕರು ಬೇಕೆಂದು ರೋಮನ್ನು ಕೇಳಿಕೊಂಡರು. 1946ರ ಜೂನ್ 29ರಂದು ಗ್ರೇಸಿಯಸರಿಗೆ ಸಹಾಯಕ ಬಿಷಪರಾಗಿ ದೀಕ್ಷೆಯಾಯಿತು.

ಅವರಿಗೆ ದೊರೆತ ಬಿರುದು ಥೆನ್ನೆಸಸ್ ಎಂಬ ಊರಿನದು. ಈಜಿಪ್ತಿನಲ್ಲಿ ನೈಲ್ ನದಿಯು ಸಮುದ್ರವನ್ನು ಸೇರುವ ಪ್ರದೇಶದಲ್ಲಿ, ಮಂಜಾಲಾ ಎಂಬ ಸರೋವರದ ನಡುವಿನ ದ್ವೀಪದಲ್ಲಿ, ತಿನ್ನಿಸ್ ಎಂಬ ಪಟ್ಟಣವಿತ್ತು. ಒಂದು ಕಾಲದಲ್ಲಿ ಅಲ್ಲಿಯ ನೇಯ್ಗೆಯ ವಸ್ತ್ರಗಳು ದೇಶದೇಶಗಳಲ್ಲಿ ಹೆಸರಾಗಿದ್ದವು. ಹದಿಮೂರನೆಯ ಶತಮಾನದಲ್ಲಿ ಅದು ನೆಲಸಮವಾಯಿತು. ಆ ಬರಿದಾದ ದ್ವೀಪದ ಬಿಷಪರೆನಿಸಿಕೊಂಡು ಗ್ರೇಸಿಯಸರು ಮುಂಬಯಿಯ ಲಕ್ಷಾಂತರ ಜನರ ಸೇವೆಗೆ ನಿಂತರು.

ಇದಾದ ಸ್ವಲ್ಪ ಸಮಯದಲ್ಲಿಯೇ ರಾಬರ್ಟ್ಸರು ಒಂದು ತೈಲದ ಹಡಗನ್ನೇರಿ ಮುಂಬಯಿಯಿಂದ ಹೊರಟುಬಿಟ್ಟರು. ಆಗ ಅವರಿಗೆ ಐವತ್ತಮೂರರ ಪ್ರಾಯ. ದೇಹದಲ್ಲಿ ಬಲವಿತ್ತು, ಪದವಿಯಲ್ಲಿ ಭದ್ರತೆಯಿತ್ತು. ಇನ್ನೂ ಇಪ್ಪತ್ತು ವರ್ಷ ಆಳುತ್ತಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಕಾಗದದ ಮೇಲೆ ಆರ್ಚ್‌ಬಿಷಪರು ಅವರೇ. ಮುಂಬಯಿಯಲ್ಲಿ ಆಳುವವರು ಸಹಾಯಕರು. ಒಡೆಯರು ಊರಿನಲ್ಲಿದ್ದರೆ ಸಹಾಯಕನ ಅಪ್ಪಣೆಗೆ ಬೆಲೆಯಿರುವುದಿಲ್ಲವೆಂಬುದನ್ನು ರಾಬರ್ಟ್ಸರು ಅರಿತಿದ್ದರು. ಅವರು ಬಿಟ್ಟುಕೊಟ್ಟದ್ದು ಕೆಲಸವನ್ನಷ್ಟೇ ಅಲ್ಲ, ಊರನ್ನು ಸಹ.

ಆ ನಾಲ್ಕು ವರ್ಷಗಳ ಕಾಲಮಾನವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. 1947ರಲ್ಲಿ ದೇಶವು ಸ್ವತಂತ್ರವಾಯಿತು, ಇಬ್ಭಾಗವೂ ಆಯಿತು. ಗ್ರೇಸಿಯಸರು ಹುಟ್ಟಿದ ಕರಾಚಿಯು ಪರದೇಶವಾಯಿತು. ನಿರಾಶ್ರಿತರು ಮುಂಬಯಿಗೆ ಬಂದು ತುಂಬಿದರು. ಕ್ರೈಸ್ತ ಧರ್ಮವು ಬಿಳಿಯರ ಧರ್ಮ, ಬಿಳಿಯರೊಂದಿಗೆ ಅದೂ ಹೋಗಬೇಕೆಂದು ಹೇಳುವವರು ಇದ್ದರು. ಅಂತಹ ಸಮಯದಲ್ಲಿ ಭಾರತದ ಅತಿ ದೊಡ್ಡ ನಗರಗಳಲ್ಲೊಂದರ ಧರ್ಮಪ್ರಾಂತವನ್ನು ಭಾರತೀಯರೊಬ್ಬರು ನಡೆಸುತ್ತಿದ್ದರು. ಆದರೆ ಪೀಠದ ಹೆಸರು ಅವರದಾಗಿರಲಿಲ್ಲ. ಕೆಲಸ ಕೆಟ್ಟರೆ ಅಪಕೀರ್ತಿ ಅವರ ಪಾಲಿಗೆ, ನೆಟ್ಟಗಾದರೆ ಕೀರ್ತಿಯು ದೂರದಲ್ಲಿರುವ ಇನ್ನೊಬ್ಬರ ಪಾಲಿಗೆ. ನಾಳೆ ಬೇರೆ ಯಾರನ್ನಾದರೂ ಪೀಠಕ್ಕೆ ತಂದರೆ ಕೇಳುವ ಹಕ್ಕೂ ಅವರಿಗಿರಲಿಲ್ಲ. ಹಾಗಿದ್ದರೂ ಅವರು ಕಾದರು, ದುಡಿದರು.

1950ರ ಜುಲೈ 18ರಂದು ರೋಮಿಗೂ ಪೋರ್ಚುಗಲ್ಲಿಗೂ ಹೊಸ ಒಪ್ಪಂದವಾಗಿ ಸರದಿಯ ಷರತ್ತು ರದ್ದಾಯಿತು. ಅದೇ ವರ್ಷದ ಡಿಸೆಂಬರ್ 4ರಂದು ರಾಬರ್ಟ್ಸರ ರಾಜೀನಾಮೆಯು ಅಂಗೀಕೃತವಾಗಿ ಗ್ರೇಸಿಯಸರು ಮುಂಬಯಿಯ ಮೊದಲ ಭಾರತೀಯ ಆರ್ಚ್‌ಬಿಷಪರಾದರು. ಬಿಟ್ಟುಹೋದ ರಾಬರ್ಟ್ಸರಿಗೆ ದೊರೆತದ್ದೇನು? ಸುಗ್ದಾಯಿಯಾ ಎಂಬ, ಕಪ್ಪು ಸಮುದ್ರದ ದಂಡೆಯ, ಇನ್ನೊಂದು ಹಳೆಯ ಊರಿನ ಬರಿಯ ಬಿರುದು! ಸಹಾಯಕನಿಗೆ ತಮ್ಮ ಕುರ್ಚಿಯನ್ನು ಕೊಟ್ಟು, ಸಹಾಯಕನ ಪಾಲಿಗೆ ಬರುವಂತಹ ಬಿರುದನ್ನು ತಾವು ಧರಿಸಿಕೊಂಡು ಅವರು 1976ರಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವವರೆಗೂ ಬಾಳಿದರು. ಅಧಿಕಾರವಿಲ್ಲದಿದ್ದರೂ ಅವರ ಬಾಯಿ ಕಟ್ಟಿರಲಿಲ್ಲ. ಅಣ್ವಸ್ತ್ರಗಳ ವಿರುದ್ಧವೂ, ಮನಸ್ಸಾಕ್ಷಿ ಒಪ್ಪದ ಯುದ್ಧದಲ್ಲಿ ಹೋರಾಡಲೊಲ್ಲೆನೆನ್ನುವವರ ಪರವಾಗಿಯೂ ಅವರು ಕಡೆಯವರೆಗೆ ಮಾತನಾಡಿದರು.

ಗ್ರೇಸಿಯಸರ ಮುಂದಿನ ಕಥೆ ಎಲ್ಲರೂ ಬಲ್ಲದ್ದು. 1953ರ ಜನವರಿಯಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಅವರನ್ನು ಕಾರ್ಡಿನಲರನ್ನಾಗಿ ಮಾಡಿದರು. 1958ರಲ್ಲಿಯೂ 1963ರಲ್ಲಿಯೂ ಪೋಪರನ್ನು ಆರಿಸುವ ಸಭೆಯಲ್ಲಿ ಭಾರತೀಯನೊಬ್ಬನು ಕುಳಿತುದು ಅವರಿಂದ. 1964ರಲ್ಲಿ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಯೂಕರಿಸ್ಟಿಕ್ ಕಾಂಗ್ರೆಸ್ ನೆರೆದಾಗ ಆರನೆಯ ಪೌಲ್ ಪೋಪರು ಡಿಸೆಂಬರ್ 2ರಂದು ಈ ನೆಲಕ್ಕೆ ಕಾಲಿಟ್ಟರು. ಭಾರತಕ್ಕೆ ಬಂದ ಮೊದಲ ಪೋಪರು ಅವರೇ. ತಮ್ಮ ಉಪಯೋಗಕ್ಕೆಂದು ಬಂದಿದ್ದ ಕಾರನ್ನು ಹೊರಡುವಾಗ ಅವರು ಮದರ್ ತೆರೇಸಾ ಅವರಿಗೆ ಬಿಟ್ಟುಹೋದುದೂ ಆಗಲೇ. 1966ರಲ್ಲಿ ಭಾರತ ಸರಕಾರವು ಗ್ರೇಸಿಯಸರಿಗೆ ಪದ್ಮವಿಭೂಷಣವನ್ನಿತ್ತು ಗೌರವಿಸಿತು. 1978ರ ಸೆಪ್ಟೆಂಬರ್ 11ರಂದು ಅವರು ದೈವಾಧೀನರಾದರು.

ಈ ದೊಡ್ಡ ಪದವಿಗಳಿಗಿಂತಲೂ ಆ ನಾಲ್ಕು ವರ್ಷಗಳೇ ನಮಗೆ ಹೆಚ್ಚಾಗಿ ಕಾಣುತ್ತವೆ. ಕಾರ್ಡಿನಲ್ ಪದವಿಯು ರೋಮಿನಿಂದ ಬಂತು. ಆ ಪದವಿಗೆ ತಕ್ಕ ಮನುಷ್ಯನು ರೂಪುಗೊಂಡದ್ದು ಮಾತ್ರ ಹೆಸರಿಲ್ಲದ ಆಳ್ವಿಕೆಯ ಆ ದಿನಗಳಲ್ಲಿ.

ಮುಂಬಯಿಯ ಪೀಠವು ಈ ಪಾಠವನ್ನು ಮರೆತಂತಿಲ್ಲ. 1950ರಿಂದೀಚೆಗೆ ಆ ಪೀಠಕ್ಕೆ ಐವರು ಭಾರತೀಯ ಆರ್ಚ್‌ಬಿಷಪರು ಬಂದಿದ್ದಾರೆ. ಅವರಲ್ಲಿ ನಾಲ್ವರು ಮೊದಲು ಇದೇ ಪ್ರಾಂತದಲ್ಲಿ ಸಹಾಯಕರಾಗಿದ್ದವರು. ಮರೋಳದ ಮಗ ಸೈಮನ್ ಪಿಮೆಂಟಾ 1971ರಲ್ಲಿ ಸಹಾಯಕರಾಗಿ, 1977ರಲ್ಲಿ ಉತ್ತರಾಧಿಕಾರದ ಹಕ್ಕನ್ನು ಪಡೆದು, 1978ರಲ್ಲಿ ಪೀಠಕ್ಕೆ ಬಂದರು. ಓಸ್ವಾಲ್ಡ್ ಗ್ರೇಸಿಯಸ್ 1997ರಲ್ಲಿ ಸಹಾಯಕರಾದವರು ಆಗ್ರಾಕ್ಕೆ ಹೋಗಿ, 2006ರಲ್ಲಿ ಮುಂಬಯಿಗೆ ಮರಳಿದರು. 2013ರಲ್ಲಿ ಸಹಾಯಕರಾದ ಜಾನ್ ರೊಡ್ರಿಗಸ್ ಪುಣೆಯ ಬಿಷಪರಾಗಿದ್ದು 2025ರಲ್ಲಿ ಮುಂಬಯಿಯ ಆರ್ಚ್‌ಬಿಷಪರಾದರು. ನಡುವೆ ಬಂದ ಐವನ್ ದಿಯಾಸ್ ಅವರೊಬ್ಬರೇ ಬೇರೆ ದಾರಿಯಿಂದ, ಪೋಪರ ರಾಯಭಾರಿಯ ಕೆಲಸದಿಂದ, ಬಂದವರು.

ನಾಸಿಕ ಸೀಮೆಯೂ ಈ ಸಾಲಿಗೆ ಹೊರತಲ್ಲ. ಚಾಂದವಡವೂ ಸೇರಿದಂತೆ ನಾಸಿಕ ಜಿಲ್ಲೆಯು ಬಹುಕಾಲ ಪುಣೆಯ ಧರ್ಮಪ್ರಾಂತದಲ್ಲಿತ್ತು. 1953ರಲ್ಲಿ ಬೇರೆಯಾದ ನಮ್ಮ ಬೆಳಗಾವಿ ಪ್ರಾಂತದ ಒಂದು ಭಾಗವೂ ಅದಕ್ಕೆ ಮೊದಲು ಪುಣೆಗೇ ಸೇರಿತ್ತು. ಆ ಲೆಕ್ಕದಲ್ಲಿ ಬೆಳಗಾವಿ ಪ್ರಾಂತದ ಆ ಭಾಗವೂ ಚಾಂದವಡವೂ ಒಂದೇ ಒಕ್ಕಲು. 1967ರಲ್ಲಿ ಪುಣೆಗೆ ಬಿಷಪರಾಗಿ ಬಂದ ವಿಲಿಯಂ ಗೋಮ್ಸ್ ಮುಂಬಯಿಯ ಸಹಾಯಕರಾಗಿದ್ದವರು. 1987ರಲ್ಲಿ ನಾಸಿಕವೇ ಪ್ರತ್ಯೇಕ ಪ್ರಾಂತವಾಗಿ ಥಾಮಸ್ ಭಾಲೇರಾವ್ ಅದರ ಮೊದಲ ಬಿಷಪರಾದರು. ಚಾಂದವಡದ ಮಿತ್ರರು ಕೇಳಿದ ಬಾರ್ತೋಲ್ ಬರೆಟ್ಟೊ ಅವರು 2017ರಲ್ಲಿ ಮುಂಬಯಿಯ ಸಹಾಯಕ ಬಿಷಪರಾಗಿ ದೀಕ್ಷೆ ಪಡೆದವರು. 2024ರಲ್ಲಿ ಅವರನ್ನು ನಾಸಿಕಕ್ಕೆ ನೇಮಿಸಲಾಯಿತು. ನಮ್ಮ ಮಂಗಳೂರಿನಲ್ಲಿಯೂ ಸಹಾಯಕರಾಗಿದ್ದ ಅಲೋಶಿಯಸ್ ಪೌಲ್ ಡಿಸೋಜರು 1996ರಲ್ಲಿ ಬಿಷಪರಾಗಿ 2018ರವರೆಗೆ ಪ್ರಾಂತವನ್ನು ನಡೆಸಿದರು.

ಹಾಗಾದರೆ ಎಲ್ಲ ಸಹಾಯಕರಿಗೂ ಕುರ್ಚಿ ಸಿಗುತ್ತದೆಯೇ? ಇಲ್ಲ. ಈ ಸತ್ಯವನ್ನು ಮರೆಮಾಚುವುದು ಸರಿಯಲ್ಲ. 1987ರಲ್ಲಿ ಮುಂಬಯಿಗೆ ಸಹಾಯಕರಾದ ಬೋಸ್ಕೊ ಪೆನ್ಹಾ ಸಹಾಯಕರಾಗಿಯೇ ನಿವೃತ್ತರಾದರು. ಆದರೆ ನೆರೆಹೊರೆಯ ಮನೆಗಳನ್ನು ಸಣ್ಣ ಸಣ್ಣ ಸಮುದಾಯಗಳಾಗಿ ಕೂಡಿಸಿ ನಿಲ್ಲಿಸಿದ ಕೆಲಸಕ್ಕೆ ಮುಂಬಯಿಯ ಕ್ರೈಸ್ತರು ಈಗಲೂ ನೆನೆಯುವುದು ಅವರನ್ನು. ಆಗ್ನೆಲೊ ಗ್ರೇಸಿಯಸ್ ಅವರೂ ಸಹಾಯಕರಾಗಿಯೇ ನಿವೃತ್ತರಾದವರು. 2018ರಲ್ಲಿ ಪಂಜಾಬಿನ ಜಲಂಧರದ ಧರ್ಮಪ್ರಾಂತವು ದೊಡ್ಡ ಸಂಕಟಕ್ಕೆ ಸಿಲುಕಿ, ಅಲ್ಲಿಯ ಬಿಷಪರು ಆಡಳಿತವನ್ನು ಬಿಡಬೇಕಾಗಿ ಬಂದಾಗ, ಅದನ್ನು ಹಿಡಿದು ನಿಲ್ಲಿಸಲು ರೋಮು ಕರೆದದ್ದು ನಿವೃತ್ತರಾಗಿದ್ದ ಈ ಸಹಾಯಕರನ್ನೇ. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಎರಡನೆಯ ಸ್ಥಾನದಲ್ಲಿ ಕಳೆದ ದಿನಗಳು ವ್ಯರ್ಥವಾಗಿದ್ದರೆ ಆ ಕರೆ ಬರುತ್ತಿರಲಿಲ್ಲ.

ಇದಿಷ್ಟನ್ನೂ ಹೇಳಿದ ಮೇಲೆ ನಮ್ಮ ಸಮಾಜದ ಕಡೆಗೆ ದೃಷ್ಟಿ ಹೊರಳಿಸುವುದು ಅವಶ್ಯವಾಗಿದೆ. ಹೊರನಾಡಿನ ಕನ್ನಡಿಗರಾದ ನಾವು ಸಂಘಗಳನ್ನು ಕಟ್ಟಿದೆವು, ವಾಚನಾಲಯಗಳನ್ನು ತೆರೆದೆವು, ಹಗಲೆಲ್ಲ ಕಪ್ಪುಬಸಿ ತೊಳೆದ ಹುಡುಗರು ರಾತ್ರಿ ಬಂದು ಅಕ್ಷರ ಕಲಿಯುವಂತೆ ರಾತ್ರಿ ಶಾಲೆಗಳನ್ನು ನಡೆಸಿದೆವು. ಆ ಶಾಲೆಗಳಲ್ಲಿ ಓದಿ ಗುಮಾಸ್ತರಾದವರು, ವಕೀಲರಾದವರು, ಹೊಟೇಲಿನ ಯಜಮಾನರಾದವರು ನಮ್ಮ ನಡುವೆ ಇದ್ದಾರೆ. ಕಟ್ಟಿದವರ ತ್ಯಾಗವನ್ನು ನಾವು ಎಂದಿಗೂ ಹಗುರಾಗಿ ಕಾಣೆವು. ಆದರೆ ಕಟ್ಟಿದ ಕೈಗಳು ಎಷ್ಟೋ ಕಡೆಗಳಲ್ಲಿ ಬಿಟ್ಟುಕೊಡುವುದನ್ನು ಕಲಿಯಲಿಲ್ಲ. ಅಧ್ಯಕ್ಷರು ಅಧ್ಯಕ್ಷರಾಗಿಯೇ ಮುಪ್ಪಾದರು. ಉಪಾಧ್ಯಕ್ಷರಿಗೆ ವೇದಿಕೆಯ ಮೇಲೊಂದು ಕುರ್ಚಿ, ಕೊರಳಿಗೊಂದು ಹಾರ, ವಂದನಾರ್ಪಣೆಯ ನಾಲ್ಕು ಮಾತು ಇಷ್ಟೇ ಲಭ್ಯವಾಯಿತು. ಲೆಕ್ಕದ ಪುಸ್ತಕ ಹೇಗಿದೆ, ಬಾಡಿಗೆಯ ಕರಾರು ಎಲ್ಲಿದೆ, ಸರಕಾರದ ಅನುದಾನಕ್ಕೆ ಯಾರನ್ನು ಕಾಣಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ. ತರುಣರು ಬರುವುದಿಲ್ಲವೆಂದು ದೂರುವವರು, ಬಂದ ತರುಣನ ಕೈಗೆ ಬೀಗದ ಕೈಯನ್ನು ಎಂದಾದರೂ ಕೊಟ್ಟುದುಂಟೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಇದನ್ನು ನಾವು ಇತರರ ಮೇಲೆ ಕಲ್ಲೆಸೆಯಲು ಬರೆಯುತ್ತಿಲ್ಲ. ಈ ತಪ್ಪು ನಮ್ಮದೂ ಹೌದು. ಬಹು ವರ್ಷಗಳ ಹಿಂದೆ ಒಂದು ಸಣ್ಣ ವಾಚನಾಲಯದ ಕಾರ್ಯದರ್ಶಿತ್ವ ನಮ್ಮ ಪಾಲಿಗೆ ಬಂದಿತ್ತು. ಗಿರಣಿಯಲ್ಲಿ ಗುಮಾಸ್ತನಾಗಿದ್ದ ತರುಣನೊಬ್ಬ ಸಹಕಾರ್ಯದರ್ಶಿ. ಪ್ರತಿ ಸಂಜೆ ಬಾಗಿಲು ತೆರೆಯುವವನು ಅವನು, ಪುಸ್ತಕಗಳಿಗೆ ರಟ್ಟು ಹಾಕುವವನು ಅವನು, ವರ್ಗಣಿಗಾಗಿ ಮಹಡಿ ಮಹಡಿ ಹತ್ತುವವನು ಅವನು. ನಾವು ಸಹಿ ಹಾಕುತ್ತಿದ್ದೆವು. ಹೊಸ ಪುಸ್ತಕಗಳನ್ನು ಆರಿಸುವ ಅಧಿಕಾರವನ್ನು ಅವನು ಒಮ್ಮೆ ಕೇಳಿದಾಗ, “ಇನ್ನೂ ಸಮಯವಾಗಿಲ್ಲ” ಎಂದೆವು. ಮರುವರ್ಷವೂ ಅದನ್ನೇ ಹೇಳಿದೆವು. ಮೂರನೆಯ ವರ್ಷ ಅವನು ಕೇಳಲಿಲ್ಲ; ಬರುವುದನ್ನೂ ನಿಲ್ಲಿಸಿದ. ಅನಂತರ ನಾವು ಕಾಯಿಲೆ ಬಿದ್ದು ಎರಡು ತಿಂಗಳು ಊರಿಗೆ ಹೋಗಿ ಬರುವಷ್ಟರಲ್ಲಿ ಬಾಡಿಗೆ ಬಾಕಿ ನಿಂತು, ಕೋಣೆ ಕೈತಪ್ಪಿ, ಪುಸ್ತಕಗಳು ಚೀಲಗಳಲ್ಲಿ ತುಂಬಿ ಯಾರ ಮನೆಯ ಅಟ್ಟಕ್ಕೋ ಸೇರಿದ್ದವು. ಆ ವಾಚನಾಲಯವು ಮತ್ತೆ ತೆರೆಯಲಿಲ್ಲ. ಅದನ್ನು ಮುಚ್ಚಿದವರು ಮನೆಯ ಮಾಲಿಕರೆಂದು ನಾವು ಬಹುಕಾಲ ಹೇಳುತ್ತಿದ್ದೆವು. ಮುಚ್ಚಿದವರು ನಾವು.

ಧರ್ಮಸಭೆಯ ಮಾತು ಬೇರೆ, ಅಲ್ಲಿ ಮೇಲಿನಿಂದ ಆಜ್ಞೆ ಬರುತ್ತದೆ. ನಮ್ಮ ಸಂಘಗಳಲ್ಲಿ ಚುನಾವಣೆಯುಂಟು, ಹೊಟೇಲುಗಳಲ್ಲಿ ಬಂಡವಾಳದ ಪ್ರಶ್ನೆಯುಂಟು ಎಂದು ಕೆಲವರು ಹೇಳಬಹುದು. ಅದು ನಿಜವೇ. ರೋಮಿನ ರೀತಿಯನ್ನು ನಾವು ಅನುಕರಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ರಾಬರ್ಟ್ಸರಿಗೆ ಹಡಗನ್ನು ಹತ್ತೆಂದು ಆಜ್ಞೆ ಮಾಡಿದವರು ಯಾರೂ ಇರಲಿಲ್ಲ. ಅದು ಅವರ ಮನಸ್ಸಿನ ಮಾತು. ಎಪ್ಪತ್ತೈದು ತುಂಬಿದ ಬಿಷಪರು ರಾಜೀನಾಮೆಯನ್ನು ಸಲ್ಲಿಸಬೇಕೆಂಬ ಕ್ರಮವನ್ನು ಧರ್ಮಸಭೆಯು 1966ರಲ್ಲಿ ಮಾಡಿಕೊಂಡಿತು. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಸಂಸ್ಥೆಯೊಂದು ಅಷ್ಟು ತಡವಾಗಿಯಾದರೂ ಕಲಿತುಕೊಂಡ ಪಾಠವನ್ನು ನೂರು ವರ್ಷಗಳ ಪ್ರಾಯದ ನಮ್ಮ ಸಂಘಗಳು ಈಗ ಕಲಿತರೆ ಅದರಲ್ಲಿ ಕೀಳೇನೂ ಇಲ್ಲ.

ನಾವು ಸೂಚಿಸುವುದು ಇಷ್ಟೇ. ಪ್ರತಿಯೊಂದು ಸಂಘವೂ, ಶಾಲೆಯ ಮಂಡಳಿಯೂ, ಹೊಟೇಲಿನ ಯಜಮಾನರೂ ತಮ್ಮ ಸಹಾಯಕನು ಯಾರೆಂಬುದನ್ನು ಹೆಸರಿಟ್ಟು ಗುರುತಿಸಲಿ. ಅವನಿಗೆ ಹಾರವನ್ನಲ್ಲ, ಲೆಕ್ಕದ ಪುಸ್ತಕವನ್ನು ಕೊಡಲಿ; ಇಂತಿಷ್ಟು ಮೊತ್ತದವರೆಗೆ ಯಾರನ್ನೂ ಕೇಳದೆ ಖರ್ಚು ಮಾಡುವ ಸ್ವಾತಂತ್ರ್ಯವನ್ನೂ ಕೊಡಲಿ. ವರ್ಷದಲ್ಲಿ ಒಂದೆರಡು ತಿಂಗಳಾದರೂ ಹಿರಿಯರು ಬೇಕೆಂದೇ ದೂರವಿರಲಿ. ಆ ಅವಧಿಯಲ್ಲಿ ತಪ್ಪುಗಳಾದಾವು. ಹಿರಿಯರು ಇದ್ದಾಗ ಆದ ತಪ್ಪುಗಳಿಗಿಂತ ಅವು ಹೆಚ್ಚಾಗಲಾರವು.

ಸಹಾಯಕರಾಗಿರುವ ಬಂಧುಗಳಿಗೂ ಒಂದು ಮಾತು. ಕುರ್ಚಿಯು ತಮಗೇ ಬರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಗ್ರೇಸ್ಯಸರಿಗೂ ಅದಿರಲಿಲ್ಲ. ಆದರೆ ಕಲಿತ ಕೆಲಸವನ್ನು ಯಾವ ಯಜಮಾನನೂ ಕಸಿದುಕೊಳ್ಳಲಾರ. ಹೆಸರು ಬಂದಮೇಲೆ ಚೆನ್ನಾಗಿ ದುಡಿಯುವೆನೆಂದು ಕಾಯುವವನಿಗೆ ಹೆಸರು ಬಂದ ದಿನ ದುಡಿಮೆ ಬರುವುದಿಲ್ಲ. ಹಾಗೆಂದು ಅನ್ಯಾಯವನ್ನು ಬಾಯಿ ಮುಚ್ಚಿ ಸಹಿಸಬೇಕೆಂದೂ ನಾವು ಹೇಳೆವು. ತನ್ನ ಹೊಣೆಗೆ ತಕ್ಕ ಅಧಿಕಾರವನ್ನೂ, ದುಡಿಮೆಗೆ ತಕ್ಕ ಸಂಬಳವನ್ನೂ ಕೇಳುವುದು ಸಹಾಯಕನ ಹಕ್ಕು. ಅದನ್ನು ಕೇಳದೆ ಒಳಗೊಳಗೇ ಕುದಿದು ಒಂದು ದಿನ ಎದ್ದುಹೋಗುವುದರಿಂದ ಇಬ್ಬರಿಗೂ ನಷ್ಟ. ನಮ್ಮ ವಾಚನಾಲಯದ ತರುಣನು ಮೂರನೆಯ ವರ್ಷವೂ ಕೇಳಿದ್ದರೆ ನಮಗೆ ನಾಚಿಕೆಯಾದರೂ ಆಗುತ್ತಿತ್ತೇನೋ.

ಕೊಲಾಬಾದ ಕಡೆಗೆ ಕೆಲಸಕ್ಕೆ ಹೋಗುವವರು ಬಿಡುವಾದಾಗ ಒಮ್ಮೆ ಹೋಲಿ ನೇಮ್ ದೇವಾಲಯದೊಳಕ್ಕೆ ಹೋಗಿ ನೋಡಬಹುದು. ಗ್ರೇಸಿಯಸರ ಕೆಂಪು ಕಾರ್ಡಿನಲ್ ಟೋಪಿಯನ್ನು ಅಲ್ಲಿ ಕಾಪಿಟ್ಟಿದ್ದಾರೆ. ಅದನ್ನು ನೋಡುವಾಗ ತೈಲದ ಹಡಗನ್ನೇರಿ ಹೊರಟುಹೋದ ಇನ್ನೊಬ್ಬರನ್ನೂ ನೆನೆಯುವುದು ಒಳ್ಳೆಯದು. ಅವರು ಹೋಗದಿದ್ದರೆ ಆ ಟೋಪಿಯು ಅಲ್ಲಿಗೆ ಬರುತ್ತಿರಲಿಲ್ಲ.

ಚಾಂದವಡದ ಮಿತ್ರರಿಗೆ ನಾವು ಅಂದು ಹೇಳಿದ್ದು ಇಷ್ಟು: “ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ, ಆದರೆ ಬಿಷಪರಲ್ಲಿ ಅಸಿಸ್ಟೆಂಟರುಂಟು.” ಅವರು ನಕ್ಕು, ಈರುಳ್ಳಿಯ ಮೂಟೆ ತಂದವನಿಗೆ ದುಡ್ಡು ಎಣಿಸತೊಡಗಿದರು. ಉಳಿದ ಉತ್ತರವನ್ನು ಇಲ್ಲಿ ಬರೆದಿದ್ದೇವೆ. ಅದು ಅವರಿಗಾಗಿ ಎಷ್ಟೋ ಅಷ್ಟೇ ಅವರ ಯಜಮಾನರಿಗಾಗಿ. ಇದನ್ನು ಓದುವ ಯಜಮಾನರು ಯಾರೇ ಆಗಿರಲಿ, ಇಂದು ಸಂಜೆ ತಮ್ಮ ಸಹಾಯಕನಿಗೆ ಫೋನು ಮಾಡಿ, ಹೊಸ ಒಲೆಯನ್ನು ಇನ್ನು ಮೇಲೆ ತಮ್ಮನ್ನು ಕೇಳದೆಯೇ ಕೊಳ್ಳಬಹುದೆಂದು ಹೇಳಿದರೆ ನಮ್ಮ ಬರಹವು ಸಾರ್ಥಕವಾಯಿತು.